ಸಂಘದ ಹಳೆಯ ಕಂಪ್ಯೂಟರ್: ಫಾರ್ಮ್ಯಾಟ್ ಹೊಡೆಸುವ ಮುನ್ನ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ ಎಂಬ ಭೇದವಿಲ್ಲದೆ ಹೊರನಾಡ ಕನ್ನಡಿಗರ ಅನೇಕ ಸಂಘ-ಸಂಸ್ಥೆಗಳ ಕಚೇರಿಯ ಮೂಲೆಯಲ್ಲಿ ಇಂದಿಗೂ ಹಳೆಯ ಕಂಪ್ಯೂಟರೊಂದು ಕಾಣಸಿಗುತ್ತದೆ. ದಾನಿಗಳಾರೋ 2002ರಲ್ಲೋ 2005ರಲ್ಲೋ ಕೊಡಿಸಿದ್ದು. ಸದಸ್ಯರ ಯಾದಿ, ವಾರ್ಷಿಕ ಮಹಾಸಭೆಯ ವರದಿಗಳು, ವಿದ್ಯಾರ್ಥಿವೇತನ ಪಡೆದ ಮಕ್ಕಳ ಹೆಸರುಗಳು, ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯ ಪುಟಗಳು, ನಾಟಕೋತ್ಸವದ ಛಾಯಾಚಿತ್ರಗಳು ಎಲ್ಲವೂ ಅದರ ಹೊಟ್ಟೆಯಲ್ಲಿವೆ. ಈ ಯಂತ್ರ ನಿಧಾನವಾದಾಗ, ಇಲ್ಲವೇ ಒಂದು ದಿನ ಕಪ್ಪು ಪರದೆ ತೋರಿಸಿ ನಿಂತಾಗ, ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಬರುವ ಸಲಹೆ ಸಾಮಾನ್ಯವಾಗಿ ಒಂದೇ: "ಫಾರ್ಮ್ಯಾಟ್ ಹೊಡೆಸಿಬಿಡಿ."

ರಿಪೇರಿಯವನು ಬರುತ್ತಾನೆ. "ಡೇಟಾ ಬೇಕಾ?" ಎಂದು ಕೇಳುತ್ತಾನೆ. ಆ ಹೊತ್ತಿಗೆ ಕಚೇರಿಯಲ್ಲಿ ಕುಳಿತವರು ಯಾರೋ ಅವರೇ ಉತ್ತರ ಕೊಡುತ್ತಾರೆ. ಸ್ಮರಣ ಸಂಚಿಕೆ ಸಿದ್ಧಪಡಿಸಿದ ಸಂಪಾದಕರು ಬೇರೆ, ಲೆಕ್ಕಪತ್ರ ಬರೆದ ಕೋಶಾಧಿಕಾರಿಗಳು ಬೇರೆ, ಅಂದು ಬಾಗಿಲು ತೆರೆದವರು ಬೇರೆ. ಇಪ್ಪತ್ತು ವರ್ಷಗಳ ಸಂಗ್ರಹದ ಬಗ್ಗೆ ತೀರ್ಮಾನ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಆದುದರಿಂದ ಈ ವಿಷಯವನ್ನು ಪದಾಧಿಕಾರಿಗಳೆಲ್ಲರೂ ಸ್ವಲ್ಪ ತಿಳಿದುಕೊಂಡಿರುವುದು ಒಳ್ಳೆಯದು. ಇದರಲ್ಲಿ ಇಂಜಿನಿಯರಿಂಗ್ ವಿದ್ಯೆಯೇನೂ ಬೇಕಾಗಿಲ್ಲ.

ಮೊದಲನೆಯದಾಗಿ, ಕೆಟ್ಟಿರುವುದು ಹಾರ್ಡ್ ಡಿಸ್ಕೇ ಹೌದೇ? "ಡಿಸ್ಕ್ ಬೂಟ್ ಫೇಲ್ಯೂರ್" ಅಥವಾ "ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್" ಎಂಬ ಸಂದೇಶ ಬಂದ ಕೂಡಲೇ ಡಿಸ್ಕ್ ಹೋಯಿತು ಎಂದು ಭಾವಿಸಬೇಕಾಗಿಲ್ಲ. ಡ್ರೈವಿನಲ್ಲಿ ಮರೆತುಹೋದ ಫ್ಲಾಪಿ, ಹಿಂಬದಿಯಲ್ಲಿ ಸಿಕ್ಕಿಸಿಯೇ ಬಿಟ್ಟ ಪೆನ್ ಡ್ರೈವ್, ಇವುಗಳಿಂದಲೂ ಇದೇ ಸಂದೇಶ ಬರಬಹುದು. ಮದರ್‌ಬೋರ್ಡ್ ಮೇಲಿರುವ ನಾಣ್ಯದಾಕಾರದ ಸಿಆರ್ 2032 ಬ್ಯಾಟರಿಯದ್ದು ಇನ್ನೊಂದು ಕಥೆ. ಅದು ಸತ್ತರೆ ಯಂತ್ರ ತಾರೀಕು ಮರೆಯುತ್ತದೆ, ಜೊತೆಗೆ ಯಾವ ಡಿಸ್ಕಿನಿಂದ ಶುರುವಾಗಬೇಕು ಎಂಬುದನ್ನೂ ಮರೆಯುತ್ತದೆ. ಗಡಿಯಾರ ಪ್ರತಿದಿನ ಹಿಂದಿನ ಯಾವುದೋ ವರ್ಷ ತೋರಿಸುತ್ತಿದ್ದರೆ ಮೊದಲು ಆ ಅಗ್ಗದ ಬ್ಯಾಟರಿ ಬದಲಿಸಿ ನೋಡಬೇಕು. ಅನಂತರ, ಯಂತ್ರ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಒತ್ತಿದರೆ ಬರುವ ಬಯಾಸ್ ಪರದೆಯಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ಎಂದು ನೋಡಬೇಕು. ಕಾಣದಿದ್ದರೆ ವಿಂಡೋಸ್ ಸಿಡಿ ಹಾಕಿ ಏನೂ ಪ್ರಯೋಜನವಿಲ್ಲ, ಕೇಬಲ್ ಸಡಿಲವಾಗಿರಬಹುದು. ಅಗಲ ಪಟ್ಟಿಯ ಐಡಿಇ ಕೇಬಲಿನ ಕಾಲದ ಯಂತ್ರವಾದರೆ ಡಿಸ್ಕಿನ ಹಿಂದಿರುವ ಪುಟ್ಟ ಜಂಪರ್ ನೋಡಬೇಕು. ಒಂದೇ ಕೇಬಲಿಗೆ ಎರಡು ಡಿಸ್ಕ್ ಜೋಡಿಸಿ ಎರಡನ್ನೂ 'ಮಾಸ್ಟರ್' ಎಂದು ಇಟ್ಟಿದ್ದರೆ ಎರಡೂ ಕಾಣದೆ ಹೋಗುವುದುಂಟು. ಒಂದನ್ನು 'ಸ್ಲೇವ್' ಮಾಡಿದರೆ ಸರಿಹೋಗುತ್ತದೆ.

ಡಿಸ್ಕಿನೊಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಮಾತ್ರ ಮಾತೇ ಬೇರೆ. ಆಗ ಯಂತ್ರವನ್ನು ಆರಿಸಿಬಿಡಬೇಕು. ಮತ್ತೆ ಮತ್ತೆ ಆನ್ ಮಾಡುವುದು, ಫಾರ್ಮ್ಯಾಟ್ ಪ್ರಯತ್ನಿಸುವುದು ಉಳಿದಿರುವ ಅಲ್ಪಸ್ವಲ್ಪವನ್ನೂ ಹಾಳುಮಾಡುತ್ತದೆ.

ಏನೇನು ತೆಗೆದಿಡಬೇಕು?

ಡಿಸ್ಕ್ ಸರಿಯಿದ್ದು ವಿಂಡೋಸ್ ಮಾತ್ರ ಹಾಳಾಗಿದ್ದರೆ ಉತ್ತಮ ದಾರಿ ಒಂದಿದೆ. ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಅಡಾಪ್ಟರ್ ಮೂಲಕ ಹೊಸ ಕಂಪ್ಯೂಟರಿಗೆ ಜೋಡಿಸಿ ಎಲ್ಲವನ್ನೂ ನಕಲು ಮಾಡಿಕೊಳ್ಳುವುದು. ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚ್ಚಿ ಸ್ಟ್ರೀಟ್ ಮುಂತಾದ ಕಡೆ ಹುಡುಕಿದರೆ ಐಡಿಇ ಮತ್ತು ಸಾಟಾ ಎರಡಕ್ಕೂ ಆಗುವ ಅಡಾಪ್ಟರ್ ಸಿಗಬಹುದು. ಜೋಡಿಸಿದಾಗ "ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?" ಎಂಬ ಪ್ರಶ್ನೆ ಬಂದರೆ ದಯವಿಟ್ಟು ಹೌದು ಎಂದು ಒತ್ತಬಾರದು. ಕಡತಗಳ ಸೂಚಿ ಕೆಟ್ಟಾಗಲೂ ವಿಂಡೋಸ್ ಇದೇ ಪ್ರಶ್ನೆ ಕೇಳುತ್ತದೆ. ಕಡತಗಳು ಆಗಲೂ ಒಳಗೇ ಇರಬಹುದು. ಫೋಲ್ಡರ್ ತೆರೆಯುವಾಗ "ಆಕ್ಸೆಸ್ ಡಿನೈಡ್" ಎಂದರೆ ಗಾಬರಿ ಬೇಡ. ಅದು ಹಳೆಯ ಯಂತ್ರದ ಬಳಕೆದಾರರ ಅನುಮತಿಯ ಪ್ರಶ್ನೆ, ತಿಳಿದವರು ಅದರ ಒಡೆತನವನ್ನು ಬದಲಿಸಿ ತೆರೆಯಬಲ್ಲರು.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಹಾನಿ ಮಾಡುತ್ತದೆ. "ನಾವು ಎಲ್ಲವನ್ನೂ ಮೈ ಡಾಕ್ಯುಮೆಂಟ್ಸ್‌ನಲ್ಲೇ ಇಟ್ಟಿದ್ದೇವೆ, ಸಿ ಡ್ರೈವ್ ಅಳಿಸಿದರೆ ಚಿಂತೆಯಿಲ್ಲ" ಎನ್ನುವವರಿದ್ದಾರೆ. ಮೈ ಡಾಕ್ಯುಮೆಂಟ್ಸ್ ಕೂಡ, ಡೆಸ್ಕ್‌ಟಾಪ್ ಮೇಲೆ ಕಾಣುವ ಕಡತಗಳು ಕೂಡ ಬೇರೆಡೆಗೆ ಬದಲಿಸದ ಹೊರತು ಸಿ ಡ್ರೈವಿನೊಳಗೇ ಇರುತ್ತವೆ. ಎಕ್ಸ್‌ಪಿಯಲ್ಲಿ 'ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್' ಎಂಬ ಫೋಲ್ಡರಿನಲ್ಲಿ ಒಬ್ಬೊಬ್ಬ ಬಳಕೆದಾರರ ಹೆಸರಿನಲ್ಲಿ ಅವು ಸಿಗುತ್ತವೆ. ಟ್ಯಾಲಿ ಲೆಕ್ಕಪತ್ರದ ಅಂಕೆ ಹೆಸರಿನ ಫೋಲ್ಡರುಗಳು ಸಾಮಾನ್ಯವಾಗಿ ಟ್ಯಾಲಿಯ ಡೇಟಾ ಫೋಲ್ಡರಿನೊಳಗೆ, ಅದೂ ಹೆಚ್ಚಾಗಿ ಸಿ ಡ್ರೈವಿನಲ್ಲೇ. ಮಹಾರಾಷ್ಟ್ರದಲ್ಲಿ ಚಾರಿಟಿ ಕಮಿಷನರರಿಗೆ ಲೆಕ್ಕ ಒಪ್ಪಿಸುವ ಸಂಸ್ಥೆಗಳಿಗೆ ಇದರ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಕನ್ನಡ ಸಂಘಗಳಿಗೇ ವಿಶೇಷವಾದ ವಿಷಯ, ಫಾಂಟ್. ಆ ದಿನಗಳಲ್ಲಿ ನುಡಿ, ಬರಹ, ಶ್ರೀಲಿಪಿ, ಆಕೃತಿ ಮುಂತಾದವುಗಳಲ್ಲಿ ಬೆರಳಚ್ಚು ಮಾಡಿದ ಬಹುಪಾಲು ಬರಹ ಯುನಿಕೋಡ್ ಅಲ್ಲ. ಕಡತವನ್ನು ಜೋಪಾನವಾಗಿ ನಕಲು ಮಾಡಿ ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅಕ್ಷರಗಳು ಹಾಳಾಗಿಲ್ಲ, ಅವಕ್ಕೆ ರೂಪ ಕೊಡುವ ಫಾಂಟ್ ಮಾತ್ರ ಇಲ್ಲ. ಆ ಫಾಂಟು ಹಳೆಯ ಯಂತ್ರದ ಸಿ ಡ್ರೈವಿನಲ್ಲಿ, ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಲ್ಲಿದೆ. ಫಾರ್ಮ್ಯಾಟ್ ಹೊಡೆದರೆ ಮೊದಲು ಹೋಗುವುದೇ ಅದು! ಆ ಫೋಲ್ಡರನ್ನು ಪೂರ್ತಿಯಾಗಿ ನಕಲು ಮಾಡಿಟ್ಟರೆ ಮುಂದೆ ನಿಧಾನವಾಗಿ ಯುನಿಕೋಡಿಗೆ ಪರಿವರ್ತಿಸಿಕೊಳ್ಳಬಹುದು, ಅದಕ್ಕೆ ಬೇಕಾದ ಪರಿವರ್ತಕಗಳು ಇವೆ. ಸ್ಮರಣ ಸಂಚಿಕೆಗಳದ್ದು ಇನ್ನೂ ಕಷ್ಟ. ಅವುಗಳಲ್ಲಿ ಅನೇಕವು ಪೇಜ್‌ಮೇಕರಿನಲ್ಲಿ ವಿನ್ಯಾಸಗೊಂಡವು. ಪೇಜ್‌ಮೇಕರ್ 7ರ ನಂತರ ಹೊಸ ಆವೃತ್ತಿಯೇ ಬರಲಿಲ್ಲ, ಇಂದಿನ ಬಹುತೇಕ ತಂತ್ರಾಂಶಗಳು ಆ ಕಡತಗಳನ್ನು ನೇರವಾಗಿ ತೆರೆಯುವುದಿಲ್ಲ. ಹಳೆಯ ಯಂತ್ರ ಇನ್ನೂ ನಡೆಯುತ್ತಿದ್ದರೆ, ಫಾಂಟುಗಳು ಅದರಲ್ಲಿರುವಾಗಲೇ ಪ್ರತಿ ಸಂಚಿಕೆಯನ್ನು ಪಿಡಿಎಫ್ ಮಾಡಿಕೊಳ್ಳುವುದು ಜಾಣತನ. ಕೆಲವು ಕನ್ನಡ ಪ್ರಕಾಶನ ತಂತ್ರಾಂಶಗಳಿಗೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಬೀಗದಂತಹ ಡಾಂಗಲ್ ಇರುತ್ತಿತ್ತು. ಅದು ಕಳೆದುಹೋದರೆ ಸಿಡಿ ಇದ್ದೂ ತಂತ್ರಾಂಶ ನಡೆಯದು. ಕಪಾಟು ಗುಡಿಸುವಾಗ ಏನೋ ಹಳೆಯ ಪ್ಲಗ್ ಎಂದು ಅದನ್ನು ಕಸದ ಬುಟ್ಟಿಗೆ ಹಾಕದಿರಲಿ.

ನಕಲು ಮಾಡುವಾಗಲೂ ಹಳೆಯ ಯಂತ್ರ ಕೈಕೊಡುತ್ತದೆ. ಇಂದಿನ ದೊಡ್ಡ ಪೆನ್ ಡ್ರೈವ್‌ಗಳಲ್ಲಿ ಕೆಲವು ಎಕ್ಸ್‌ಫ್ಯಾಟ್ ಎಂಬ ವ್ಯವಸ್ಥೆಯಲ್ಲಿ ಬರುತ್ತವೆ, ಎಕ್ಸ್‌ಪಿಗೆ ಅಪ್‌ಡೇಟ್ ಹಾಕದೆ ಅದು ಅರ್ಥವಾಗದು. ಫ್ಯಾಟ್ 32 ಆದರೆ 4 ಜಿಬಿ ಮೀರಿದ ಒಂದೇ ಕಡತವನ್ನು ಅದು ಹಿಡಿಯುವುದಿಲ್ಲ. ವಾರ್ಷಿಕೋತ್ಸವದ ವೀಡಿಯೊ ನಕಲು ಮಾಡುವಾಗ ಅರ್ಧ ಖಾಲಿ ಪೆನ್ ಡ್ರೈವ್ "ಜಾಗವಿಲ್ಲ" ಎನ್ನುವುದು ಇದರಿಂದಲೇ. ಖಾಲಿ ಪೆನ್ ಡ್ರೈವನ್ನು ಹೊಸ ಯಂತ್ರದಲ್ಲಿ ಎನ್‌ಟಿಎಫ್‌ಎಸ್ ಮಾಡಿಕೊಂಡರೆ ಎರಡೂ ತೊಂದರೆ ತಪ್ಪುತ್ತದೆ.

ಪಾರ್ಟಿಶನ್ ಮಾಡುವಾಗ

ಒಂದೇ ಕಪಾಟಿನಲ್ಲಿ ಹಲಗೆ ಹಾಕಿ ಎರಡು ಖಾನೆ ಮಾಡುವಂತೆ ಒಂದೇ ಡಿಸ್ಕನ್ನು ಸಿ, ಡಿ ಎಂದು ವಿಂಗಡಿಸುವುದೇ ಪಾರ್ಟಿಶನ್. ಫಾರ್ಮ್ಯಾಟ್ ಎಂದರೆ ಒಂದು ಖಾನೆಯನ್ನು ಖಾಲಿ ಮಾಡಿ ಹೊಸದಾಗಿ ಸೂಚಿ ಬರೆಯುವುದು. ಸಿ ಮಾತ್ರ ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯುತ್ತದೆ. ಆದರೆ ಪಾರ್ಟಿಶನ್‌ಗಳನ್ನೇ ಅಳಿಸಿ ಹೊಸದಾಗಿ ಮಾಡಿದರೆ ಡಿ ಕೂಡ ಹೋಗುತ್ತದೆ. ಎಕ್ಸ್‌ಪಿ ಸಿಡಿಯ ನೀಲಿ ಪರದೆಯಲ್ಲಿ ಪಾರ್ಟಿಶನ್ ಯಾದಿ ಬಂದಾಗ ಡಿ ಅಕ್ಷರ ಒತ್ತಿದರೆ ಡಿಲೀಟ್, ಆಮೇಲೆ ಎಲ್ ಒತ್ತಿದರೆ ಖಚಿತ. ಡಿ ಡ್ರೈವ್ ಆಯ್ಕೆಮಾಡಲು ಡಿ ಒತ್ತಬೇಕೆಂದು ತಿಳಿಯುವವರಿಗೆ ಇದು ಅಪಾಯದ ಜಾಗ. ಯಂತ್ರಕ್ಕೆ ಕಾರ್ಡ್ ರೀಡರ್, ಪೆನ್ ಡ್ರೈವ್ ಜೋಡಿಸಿದ್ದರೆ ಅಲ್ಲಿನ ಡ್ರೈವ್ ಅಕ್ಷರಗಳೇ ಅದಲುಬದಲಾಗುವುದುಂಟು. ಅವನ್ನೆಲ್ಲ ಕಿತ್ತಿಟ್ಟು, ಅಕ್ಷರ ನಂಬದೆ ಗಾತ್ರ ನೋಡಿ ಗುರುತಿಸಬೇಕು.

ಗಾತ್ರದ ಬಗ್ಗೆಯೂ ಗೊಂದಲವಿದೆ. 80 ಜಿಬಿ ಎಂದು ಕೊಂಡ ಡಿಸ್ಕ್ 74.5 ತೋರಿಸಿದರೆ ಅಂಗಡಿಯವನು ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಆದರೆ 160 ಜಿಬಿ ಡಿಸ್ಕ್ ಸುಮಾರು 149 ತೋರಿಸುವ ಬದಲು 128ರ ಸುಮಾರಿಗೆ ನಿಂತರೆ ಅದು ನಿಜವಾದ ತೊಂದರೆ. 2001ರ ಮೊದಲ ಎಕ್ಸ್‌ಪಿ ಸಿಡಿಗೆ ತಯಾರಕರ ಲೆಕ್ಕದ 137 ಜಿಬಿಯ ಆಚೆ ಕಾಣುವುದಿಲ್ಲ, 2002ರ ಸರ್ವಿಸ್ ಪ್ಯಾಕ್ 1ರಿಂದ ಆ ಮಿತಿ ಹೋಯಿತು. ದೊಡ್ಡ ಡಿಸ್ಕಿರುವ ಯಂತ್ರಕ್ಕೆ ಆ ಮೊದಲ ಸಿಡಿಯನ್ನೇ ಮತ್ತೆ ಹಾಕಿದರೆ ಗಡಿಯಾಚೆಗಿನ ಕಡತಗಳು ಕೆಡುವ ಭಯವಿದೆ. ಸರ್ವಿಸ್ ಪ್ಯಾಕ್ 2 ಅಥವಾ 3 ಸೇರಿದ ಸಿಡಿಯನ್ನೇ ಬಳಸಬೇಕು. ವಿಂಡೋಸ್ 98 ಯಂತ್ರವಾದರೆ ಎಫ್‌ಡಿಸ್ಕ್ ಮೊದಲಿಗೆ ದೊಡ್ಡ ಡಿಸ್ಕ್ ಸೌಲಭ್ಯ ಬೇಕೇ ಎಂದು ಕೇಳುತ್ತದೆ. ಬೇಡವೆಂದರೆ ಪ್ರತಿ ಪಾರ್ಟಿಶನ್ 2 ಜಿಬಿಗೇ ನಿಲ್ಲುತ್ತದೆ.

ಸಾಟಾ ಡಿಸ್ಕಿದ್ದು ಎಕ್ಸ್‌ಪಿ ಸಿಡಿ "ಹಾರ್ಡ್ ಡಿಸ್ಕ್ ಇಲ್ಲ" ಎಂದರೆ ಅಥವಾ ನೀಲಿ ಪರದೆಯಲ್ಲಿ 7ಬಿ ಎಂದು ಮುಗಿಯುವ ಸಂಖ್ಯೆ ಬಂದರೆ, ಹೊಸ ಡಿಸ್ಕ್ ಕೊಳ್ಳುವ ಮೊದಲು ಬಯಾಸಿನಲ್ಲಿ ಎಎಚ್‌ಸಿಐ ಬದಲು ಐಡಿಇ ಎಂದು ಮಾಡಿ ನೋಡಬೇಕು. ಬಹಳಷ್ಟು ಸಲ ಅಷ್ಟರಲ್ಲೇ ಮುಗಿಯುತ್ತದೆ. ಪೂರ್ಣ ಫಾರ್ಮ್ಯಾಟ್ ಯಾವುದೋ ಒಂದು ಶೇಕಡಾದಲ್ಲಿ ಗಂಟೆಗಟ್ಟಲೆ ನಿಂತರೆ ಡಿಸ್ಕಿನ ಮೇಲೆ ಕೆಟ್ಟ ಜಾಗಗಳಿವೆ ಎಂದೇ ತಿಳಿಯಬೇಕು. ಅಂಥ ಡಿಸ್ಕಿಗೆ ಕ್ವಿಕ್ ಫಾರ್ಮ್ಯಾಟ್ ಮಾಡಿ "ಆಯಿತು ನೋಡಿ" ಎಂದು ಕೊಟ್ಟುಹೋಗುವ ರಿಪೇರಿಯವರಿಂದ ದೂರವಿರುವುದೇ ಲೇಸು. ಕ್ವಿಕ್ ಫಾರ್ಮ್ಯಾಟ್ ಕೆಟ್ಟ ಜಾಗಗಳನ್ನು ಹುಡುಕುವುದೇ ಇಲ್ಲ.

ಕೈತಪ್ಪಿ ಡಿ ಡ್ರೈವ್ ಅಳಿದುಹೋಯಿತು ಎನ್ನೋಣ. ಆಗ ಮಾಡಬೇಕಾದದ್ದು ಏನನ್ನೂ ಮಾಡದಿರುವುದು. ಹೊಸ ವಿಂಡೋಸ್ ಹಾಕಬಾರದು, ಒಂದು ಕಡತವನ್ನೂ ಬರೆಯಬಾರದು. ಪಾರ್ಟಿಶನ್ ಅಳಿಸಿದಾಗ ಹೋಗುವುದು ಗಡಿಯ ಗುರುತು ಮಾತ್ರ, ಕಡತಗಳು ಅವುಗಳ ಮೇಲೆ ಬೇರೇನಾದರೂ ಬರೆಯುವವರೆಗೂ ಅಲ್ಲೇ ಇರುತ್ತವೆ. ಡಿಸ್ಕನ್ನು ತೆಗೆದು ಬೇರೆ ಯಂತ್ರಕ್ಕೆ ಜೋಡಿಸಿ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಹಳೆಯ ಗಡಿಗಳನ್ನು ಹುಡುಕಬಹುದು. ಅದರ ಜೊತೆಗೇ ಬರುವ ಫೋಟೊರೆಕ್ ಛಾಯಾಚಿತ್ರಗಳನ್ನು ಹೆಕ್ಕಿ ಕೊಡುತ್ತದೆ, ಆದರೆ ಕಡತಗಳ ಹೆಸರು ಉಳಿಯುವುದಿಲ್ಲ. ಸಾವಿರಾರು ಚಿತ್ರಗಳನ್ನು ನೋಡಿ "ಇದು ಯಾವ ವರ್ಷದ ಯಕ್ಷಗಾನ" ಎಂದು ಗುರುತಿಸುವ ಕೆಲಸಕ್ಕೆ ಹಿರಿಯ ಸದಸ್ಯರೇ ಬೇಕು.

ಇದೇ ಗುಣ ಇನ್ನೊಂದು ಕಡೆ ತೊಂದರೆ ಕೊಡುತ್ತದೆ. ಹಳೆಯ ಕಂಪ್ಯೂಟರನ್ನು ಊರಿನ ಶಾಲೆಗೆ ದಾನ ಕೊಡುವ ಒಳ್ಳೆಯ ರೂಢಿ ನಮ್ಮ ಸಂಘಗಳಲ್ಲಿದೆ. ಅದರಲ್ಲಿ ಸದಸ್ಯರ ವಿಳಾಸ, ದೂರವಾಣಿ, ಪ್ಯಾನ್ ಸಂಖ್ಯೆ ಇರುತ್ತವೆ. ಎಕ್ಸ್‌ಪಿಯ ಪೂರ್ಣ ಫಾರ್ಮ್ಯಾಟ್ ಕೂಡ ಅವನ್ನು ನಿಜವಾಗಿ ಅಳಿಸುವುದಿಲ್ಲ. ವಿಸ್ಟಾ ಮತ್ತು ಅನಂತರದ ವಿಂಡೋಸ್‌ಗಳ ಪೂರ್ಣ ಫಾರ್ಮ್ಯಾಟ್ ಮಾತ್ರ ಇಡೀ ಖಾನೆಯ ಮೇಲೆ ಸೊನ್ನೆ ಬರೆಯುತ್ತದೆ. ಕೊಡುವ ಮುನ್ನ ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸಿ, ಕ್ವಿಕ್ ಎಂಬ ಗುರುತು ತೆಗೆದು, ಸಿ ಮತ್ತು ಡಿ ಎರಡನ್ನೂ ಹಾಗೆ ಫಾರ್ಮ್ಯಾಟ್ ಮಾಡಿಸಬೇಕು.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿದೆ. ಮತ್ತೆ ಎಕ್ಸ್‌ಪಿ ಹಾಕಿಸಿದ ಯಂತ್ರವನ್ನು ಇಂಟರ್‌ನೆಟ್ಟಿಗೆ ಜೋಡಿಸದೆ, ಹಳೆಯ ಸಂಚಿಕೆಗಳನ್ನು ತೆರೆದು ಪಿಡಿಎಫ್ ಮಾಡುವುದಕ್ಕಷ್ಟೇ ಇಟ್ಟುಕೊಳ್ಳಬಹುದು. ಸಂಘದ ಬ್ಯಾಂಕ್ ವ್ಯವಹಾರಕ್ಕೆ ಅದು ತಕ್ಕುದಲ್ಲ. ಫಾರ್ಮ್ಯಾಟ್ ಮಾಡಿಸಲು ಮನಸ್ಸಾಗದಿದ್ದರೆ ಹಳೆಯ ಡಿಸ್ಕನ್ನು ಹಾಗೆಯೇ ತೆಗೆದು, ಯಾವ ವರ್ಷದಿಂದ ಯಾವ ವರ್ಷದವರೆಗಿನದು ಎಂದು ಬರೆದ ಚೀಟಿ ಅಂಟಿಸಿ, ಡಾಂಗಲ್ ಮತ್ತು ಸಿಡಿಗಳ ಜೊತೆ ಸಂಘದ ಬೀರುವಿನಲ್ಲಿಡಬಹುದು. ಮುಂದಿನ ಸಮಿತಿಗೆ ಅಧಿಕಾರ ಹಸ್ತಾಂತರಿಸುವಾಗ ಚೆಕ್ ಪುಸ್ತಕ, ಮುದ್ರೆಗಳ ಯಾದಿಯಲ್ಲಿ ಅದನ್ನೂ ಒಂದು ಸಾಲು ಬರೆದು ಸಹಿ ಪಡೆದರೆ ಆಯಿತು.