ಎಂಜಿನ್ನಿನ ಗ್ಯಾಸ್ಕೆಟ್ಟೂ ಅಂಟಿನ ಬಳಕೆಯೂ

ಬೇಸಗೆಯಲ್ಲಿ ಪೈರು ನೀರಿಗಾಗಿ ಕಾದಿರುವಾಗ ನೀರೆತ್ತುವ ಡೀಸೆಲ್ ಎಂಜಿನ್ನು ನಿಂತುಹೋದರೆ ಆಗುವ ನಷ್ಟವನ್ನು ಜಮೀನುದಾರರಿಗೆ ವಿವರಿಸಬೇಕಾದುದಿಲ್ಲ. ಗ್ಯಾಸ್ಕೆಟ್ ಬದಲಾಯಿಸುವಾಗ ಸೀಲೆಂಟ್ ಎಂಬ ಅಂಟನ್ನು ಹೆಚ್ಚು ಬಳಿದಷ್ಟೂ ಭದ್ರವೆಂಬ ತಪ್ಪು ಭಾವನೆಯಿಂದಲೂ ಇಂತಹ ನಷ್ಟವು ಸಂಭವಿಸುವುದುಂಟು.

ಸಿಲಿಂಡರಿನ ಹೆಡ್ ಗ್ಯಾಸ್ಕೆಟ್ಟು ಉರಿಯುವ ಅನಿಲದ ಶಾಖವನ್ನೂ ಒತ್ತಡವನ್ನೂ ತಡೆಯಬೇಕಾದುದು. ತಯಾರಕರ ಕೈಪಿಡಿಯಲ್ಲಿ ಹೇಳಿದ್ದ ಹೊರತು ಅದಕ್ಕೆ ಅಂಟು ಹಚ್ಚಕೂಡದು. ಕೂಡುವ ಎರಡು ಮುಖಗಳನ್ನೂ ಗೀರು ಬೀಳದಂತೆ ಶುದ್ಧಮಾಡಿ, ಎಣ್ಣೆಯ ಪಸೆಯನ್ನು ಒರೆಸಿ, ಹೊಸ ಗ್ಯಾಸ್ಕೆಟ್ಟನ್ನೇ ಇಡತಕ್ಕದ್ದು. ಬಳಿಕ ನಟ್ಟುಗಳನ್ನು ಕೈಪಿಡಿಯ ಕ್ರಮದಲ್ಲಿ, ಒಂದೇ ಸಲಕ್ಕಲ್ಲದೆ ಎರಡು ಮೂರು ಸಲಕ್ಕೆ, ಹೇಳಿದ ಅಳತೆಗೆ ಬಿಗಿಯತಕ್ಕದ್ದು.

ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯ ಕೂಡಿಗೆ ಅಂಟು ಬೇಕೆಂದಿದ್ದರೆ ತೆಳುವಾದ ಒಂದು ಗೆರೆಯೇ ಸಾಕು. ಹೆಚ್ಚಾದ ಸಿಲಿಕೋನ್ ಅಂಟು ಒಳಕ್ಕೆ ಉಬ್ಬಿ, ತುಂಡಾಗಿ ಕಳಚಿ, ಎಣ್ಣೆ ಹೀರುವ ಜಾಲರಿಯನ್ನು ಮುಚ್ಚಬಹುದು. ಆಗ ಎಣ್ಣೆ ದೊರೆಯದೆ ಬೇರಿಂಗುಗಳು ಕೆಡುವುವು. ಹೊರಗೆ ಸೋರುವ ಎಣ್ಣೆ ಕಣ್ಣಿಗೆ ಬೀಳುವುದು. ಒಳಗೆ ಮುಚ್ಚಿದ ದಾರಿ ಕಾಣದು.

ಆದುದರಿಂದ ರಿಪೇರಿಗೆ ಮೊದಲು ಕೈಪಿಡಿಯನ್ನು ಮೆಕ್ಯಾನಿಕ್ಕನ ಮುಂದಿಡುವಂತೆ ಗ್ರಾಮದ ಮುಖಂಡರು ರೈತರಿಗೆ ತಿಳಿಯಹೇಳುವುದು ಶ್ರೇಯಸ್ಕರ.