ಮಲಿಕ್-ಎ-ಮೈದಾನ್ ತೋಪನ್ನು ಎರಕ ಹೊಯ್ದವನು ಯಾರು?

ಹಳೆಯ ಆಯುಧವೊಂದು ಕಣ್ಣಿಗೆ ಬಿದ್ದೊಡನೆ ಏಳುವ ಪ್ರಶ್ನೆಗಳು ಎರಡು: ಇದನ್ನು ಮಾಡಿದವರು ಯಾರು? ಯಾರ ಕೈಯಿಂದ ಯಾರ ಕೈಗೆ ಬಂದಿತು? ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ನೀಳಬಿಲ್ಲಾದರೆ ಉತ್ತರ ತುಸು ಸುಲಭ. ಅದರ ಹಿಡಿಯ ಬಳಿ ತಯಾರಕನ ಹೆಸರನ್ನು ಒತ್ತಿರುವುದುಂಟು. ನಮ್ಮಲ್ಲಿ ಬಿಲ್ಲುಗಾರರು ವೀರಗಲ್ಲುಗಳಲ್ಲಿ ಉಳಿದರು; ಅವರ ಬಿಲ್ಲುಗಳು ಮಣ್ಣಾದವು. ಹೆಸರನ್ನು ಉಳಿಸಿಕೊಂಡಿದ್ದು ಲೋಹ.

ಪಾಮನಕಲ್ಲೂರು, ಮಸ್ಕಿ, ಮುದಗಲ್ಲುಗಳನ್ನು ಒಳಗೊಂಡ ಕೃಷ್ಣಾ-ತುಂಗಭದ್ರಾ ದೋಆಬಿಗಾಗಿ ವಿಜಯನಗರದೊಡನೆ ಕಾದಾಡಿದವರು ವಿಜಾಪುರದ ಆದಿಲಶಾಹಿಗಳು. ಅವರ ರಾಜಧಾನಿಯ ಪಶ್ಚಿಮ ಕೋಟೆಗೋಡೆಯ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು ಆದಿಲಶಾಹಿಗಳದೇ ಎಂದು ನೋಡುಗರು ಸಹಜವಾಗಿ ಭಾವಿಸುತ್ತಾರೆ. ತೋಪಿನ ಮೈಮೇಲಿನ ಬರಹ ಬೇರೆಯದನ್ನೇ ಹೇಳುತ್ತದೆ.

ಒಂದು ಶಾಸನದಲ್ಲಿ ಅಹಮದ್‌ನಗರದ ನಿಜಾಮಶಾಹನ ಹೆಸರೂ ಹಿಜರಿ 956 ಎಂಬ ವರ್ಷವೂ ಇವೆ. ಹಿಜರಿ ವರ್ಷ ಚಾಂದ್ರಮಾನದ್ದು. 956 ಎಂಬುದು ಬಹುಪಾಲು ಕ್ರಿ.ಶ. 1549ಕ್ಕೆ ಸೇರುತ್ತದೆ. ಆಗ ಅಲ್ಲಿ ಆಳುತ್ತಿದ್ದವನು ಒಂದನೆಯ ಬುರ್ಹಾನ್ ನಿಜಾಮಶಾಹ. ಇನ್ನೊಂದು ಬರಹ ಎರಕಗಾರನದು: ಮುಹಮ್ಮದ್ ಬಿನ್ ಹಸನ್ ರೂಮಿ. 'ರೂಮಿ' ಎಂದರೆ ತುರ್ಕರ ಸೀಮೆಯವನು. ತೋಪುವಿದ್ಯೆಯಲ್ಲಿ ಪಳಗಿದ ತುರ್ಕರಿಗೆ ದಖ್ಖನಿನ ಆಸ್ಥಾನಗಳಲ್ಲಿ ಎಂತಹ ಬೇಡಿಕೆಯಿತ್ತೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ.

ಸುಮಾರು 55 ಟನ್ ತೂಗುವ ಈ ತೋಪಿನ ಉದ್ದ 14 ಅಡಿ 4 ಅಂಗುಲ. ಲೋಹದಲ್ಲಿ ನೂರಕ್ಕೆ 80 ಪಾಲು ತಾಮ್ರ, ಉಳಿದದ್ದು ತವರ. ತೆರೆದ ಸಿಂಹದ ಬಾಯಿಯೇ ಇದರ ಮೂತಿ. ಕೋರೆಗಳ ನಡುವೆ ನಜ್ಜುಗುಜ್ಜಾಗುತ್ತಿರುವ ಆನೆ.

ಪರಾಂಡಾ ಕೋಟೆಯಲ್ಲಿದ್ದ ಇದನ್ನು ವಿಜಾಪುರಕ್ಕೆ ತಂದದ್ದು 1632ರಲ್ಲಿ, ಮುರಾರಿ ಪಂಡಿತ. ನಾನೂರು ಎತ್ತು, ಹತ್ತು ಆನೆ ಎಳೆದವೆಂದು ಪ್ರತೀತಿ. ಹಾಗಿರುವಾಗ 1565ರ ತಾಳಿಕೋಟೆ ಯುದ್ಧದಲ್ಲಿ ವಿಜಾಪುರದವರು ಇದನ್ನು ಹಾರಿಸಿದರೆಂಬ ಮಾತು ನಿಲ್ಲುವುದಿಲ್ಲ.

ಮೂರನೆಯ ಶಾಸನ ಔರಂಗಜೇಬನದು. 1686ರಲ್ಲಿ ವಿಜಾಪುರವನ್ನು ಗೆದ್ದ ಆತ ತೋಪನ್ನೂ ವಶಪಡಿಸಿಕೊಂಡೆನೆಂದು ಕೆತ್ತಿಸಿದ. ಇದೊಂದನ್ನೇ ಓದಿದವರು ತೋಪು ಮೊಗಲರದೆಂದು ಬರೆದುಕೊಂಡು ಹೋದರೆ ಆಶ್ಚರ್ಯವಿಲ್ಲ. ಗೆದ್ದವನ ಹೆಸರು ಬೇರೆ, ಮಾಡಿದವನ ಹೆಸರು ಬೇರೆ.

ಇಷ್ಟೆಲ್ಲ ಹೇಳುವ ಲೋಹ 1854ರಲ್ಲಿ ಕರಗಿಹೋಗುವುದರಲ್ಲಿತ್ತು. ಸಾತಾರಾದ ಕಮಿಷನರು ಹಳೆಯ ಸಾಮಾನುಗಳ ಜೊತೆ ತೋಪನ್ನೂ ಹರಾಜಿಗಿಡಲು ಆಜ್ಞೆಯಿತ್ತರು. ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ! ಬೆಲೆ ಇಷ್ಟು ಕಡಿಮೆ, ಜನರಿಗೋ ತೋಪಿನ ಮೇಲೆ ಅಪಾರ ಭಕ್ತಿ ಎಂದು ವಿಜಾಪುರದ ಅಧಿಕಾರಿ ಬರೆದು ತಿಳಿಸಿದ ಮೇಲೆ ಮಾರಾಟ ರದ್ದಾಯಿತು.