ಓಡದ ಕ್ಯಾಮೆರಾ ಓಡಿದ್ದು ಹೇಗೆ?

ಎತ್ತರದ ಕಟ್ಟಡದ ತಾರಸಿ. ಎದುರಾಳಿ ಗುಂಡು ಹಾರಿಸುತ್ತಾನೆ. ನಾಯಕ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತಾನೆ. ಗುಂಡುಗಳು ಗಾಳಿಯಲ್ಲಿ ಅಲೆ ಎಬ್ಬಿಸುತ್ತಾ ಅವನ ಮೇಲಿಂದ ನಿಧಾನವಾಗಿ ಹಾದುಹೋಗುತ್ತವೆ. ಅಷ್ಟರಲ್ಲಿ ನಮ್ಮ ನೋಟ ಅವನನ್ನು ಬಳಸಿಕೊಂಡು ಸುತ್ತಿ ಬಂದಿರುತ್ತದೆ!

1999ರಲ್ಲಿ ತೆರೆಕಂಡ ‘ದಿ ಮೇಟ್ರಿಕ್ಸ್’ ಚಿತ್ರದ ಈ ದೃಶ್ಯವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ‘ಎಲ್ಲಾ ಕಂಪ್ಯೂಟರ್ ಮಹಿಮೆ’ ಎಂದು ಎದ್ದುಹೋಗಿರಲೂಬಹುದು. ಬಿ.ಎಸ್‌ಸಿ. ಓದುತ್ತಿದ್ದಾಗ ನಾನೂ ಹಾಗೇ ಅಂದಿದ್ದೆ. ಗೆಳೆಯನೊಬ್ಬ ಬಾಡಿಗೆಗೆ ತಂದ ಡಿವಿಡಿ ನನ್ನ ಬಾಯಿ ಮುಚ್ಚಿಸಿತು.

ಆ ಡಿವಿಡಿಯಲ್ಲೊಂದು ಸೊಗಸಾದ ಏರ್ಪಾಡಿದೆ. ಚಿತ್ರ ಓಡುತ್ತಿರುವಾಗ ಆಗಾಗ ಪರದೆಯ ಮೇಲೆ ಬಿಳಿ ಮೊಲವೊಂದು ಕಾಣಿಸಿಕೊಳ್ಳುತ್ತದೆ. ಆಗ ರಿಮೋಟಿನ ಗುಂಡಿ ಒತ್ತಿದರೆ ಕಥೆ ಅಲ್ಲಿಗೇ ನಿಂತು, ಆ ದೃಶ್ಯವನ್ನು ಚಿತ್ರೀಕರಿಸಿದ ಬಗೆ ತೆರೆದುಕೊಳ್ಳುತ್ತದೆ.

ತಾರಸಿಯ ದೃಶ್ಯದ ಗುಟ್ಟು ಕೇಳಿ. ನಟ ಕೀನು ರೀವ್ಸ್ ಹಸಿರು ಪರದೆಗಳ ನಡುವೆ ತಂತಿಗಳ ಆಸರೆಯಲ್ಲಿ ಬಾಗಿದ್ದಾರೆ. ಅವರ ಸುತ್ತ ಸುಮಾರು 120 ಸ್ಥಿರಚಿತ್ರ ಕ್ಯಾಮೆರಾಗಳು ಸಾಲಾಗಿ ನಿಂತಿವೆ, ಜೊತೆಗೆ 2 ಚಲನಚಿತ್ರ ಕ್ಯಾಮೆರಾಗಳು. ಸಾಲಿನಲ್ಲಿರುವ ಯಾವ ಕ್ಯಾಮೆರಾವೂ ಕದಲುವುದಿಲ್ಲ! ಒಂದಾದಮೇಲೊಂದರಂತೆ ಕ್ಲಿಕ್ಕಿಸುತ್ತವೆ, ಅಷ್ಟೆ.

ಒಂದೇ ಕ್ಯಾಮೆರಾವನ್ನು ವೇಗವಾಗಿ ಓಡಿಸಿದ್ದರೆ ಆಗುತ್ತಿರಲಿಲ್ಲವೇ? ಲೆಕ್ಕ ಹಾಕಿ ನೋಡೋಣ. ನಟನಿಂದ 3 ಮೀಟರ್ ದೂರದಲ್ಲಿ ಅರ್ಧವೃತ್ತ ಎಳೆದರೆ ಅದರ ಉದ್ದ ಸುಮಾರು 9.4 ಮೀಟರ್. ಅಷ್ಟನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಕ್ರಮಿಸಬೇಕೆಂದರೆ ಕ್ಯಾಮೆರಾ ಗಂಟೆಗೆ ಸುಮಾರು 340 ಕಿಲೋಮೀಟರ್ ವೇಗದಲ್ಲಿ ಓಡಬೇಕು. ಅದರ ಎದುರು ನಿಲ್ಲಲು ಯಾವ ನಟ ಒಪ್ಪಿಯಾನು!

ಈಗ ಇನ್ನೊಂದು ಲೆಕ್ಕ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳನ್ನು ತೋರಿಸುತ್ತದೆ. ಆದ್ದರಿಂದ 120 ಚಿತ್ರಗಳು ಪರದೆಯ ಮೇಲೆ 5 ಸೆಕೆಂಡು ಓಡುತ್ತವೆ. ಎಲ್ಲ ಕ್ಯಾಮೆರಾಗಳನ್ನೂ ಒಂದೇ ಕ್ಷಣದಲ್ಲಿ ಕ್ಲಿಕ್ಕಿಸಿದರೆ ಮನುಷ್ಯ ಶಿಲೆಯಂತೆ ನಿಂತಿರುತ್ತಾನೆ, ನೋಟ ಮಾತ್ರ ಸುತ್ತುತ್ತದೆ. ಕ್ಲಿಕ್ಕುಗಳನ್ನು 1 ಸೆಕೆಂಡಿನ ಉದ್ದಕ್ಕೂ ಹಂಚಿದರೆ ಆ 1 ಸೆಕೆಂಡಿನ ಚಲನೆ 5 ಸೆಕೆಂಡಿಗೆ ಹಿಗ್ಗುತ್ತದೆ. ಚಿತ್ರಗಳ ನಡುವಣ ಸಂದುಗಳನ್ನು ತುಂಬಿದ್ದು, ಹಿನ್ನೆಲೆಯ ಕಟ್ಟಡಗಳನ್ನೂ ಗುಂಡುಗಳನ್ನೂ ಸೇರಿಸಿದ್ದು ಕಂಪ್ಯೂಟರ್. ಅದರ ಪಾಲು ದೊಡ್ಡದೇ, ಆದರೆ ಬುನಾದಿ ಛಾಯಾಗ್ರಹಣದ್ದು. ಈ ವಿಭಾಗದ ಮುಖ್ಯಸ್ಥ ಜಾನ್ ಗೇಟ ಮತ್ತು ಸಂಗಡಿಗರಿಗೆ 2000ದಲ್ಲಿ ಆಸ್ಕರ್ ಬಂತು.

ಉಪಾಯದ ಬೇರು ಮಾತ್ರ ಬಹಳ ಹಳೆಯದು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಡ್ಜ್ ಎಂಬ ಛಾಯಾಗ್ರಾಹಕ ಓಟದ ದಾರಿಯ ಪಕ್ಕ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಓಡುವ ಕುದುರೆಯ ನಾಲ್ಕು ಗೊರಸುಗಳೂ ಒಮ್ಮೆ ನೆಲ ಬಿಟ್ಟಿರುತ್ತವೆ ಎಂದು ತೋರಿಸಿದ. ಅವನ ನೇರ ಸಾಲು ಇಲ್ಲಿ ಬಾಗಿದೆ.

ಹಳೆಯ ವಿಡಿಯೋ ಟೇಪಿನಲ್ಲಿ ಮೊಲದ ಆಟ ನಡೆಯುತ್ತಿರಲಿಲ್ಲ. ಬೇಕಾದ ಜಾಗ ಸಿಗಬೇಕಾದರೆ ಟೇಪು ಸುತ್ತುತ್ತಲೇ ಹೋಗಬೇಕು. ಡಿವಿಡಿಯಲ್ಲಿ ಲೇಸರ್ ಕಿರಣ ಬೇಕೆಂದಲ್ಲಿಗೆ ಜಿಗಿಯಬಲ್ಲದು. ಸಿ.ಡಿ.ಯ ಲೇಸರಿನ ತರಂಗಾಂತರ 780 ನ್ಯಾನೋಮೀಟರ್, ಡಿವಿಡಿಯದು 650. ಕಿರಣ ಸಣ್ಣಗಾದಂತೆ ಗುರುತುಗಳನ್ನೂ ಒತ್ತೊತ್ತಾಗಿ ಕೂರಿಸಬಹುದು. ಹೀಗಾಗಿ ಅದೇ ಗಾತ್ರದ ತಟ್ಟೆಯ ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿಸುತ್ತದೆ. ಚಿತ್ರದ ಜೊತೆ ಬೇರೆ ಧ್ವನಿಪಥಗಳಿಗೂ ಜಾಗವಿದೆ. ‘ಮೇಟ್ರಿಕ್ಸ್’ ಡಿವಿಡಿಯ ಒಂದು ಧ್ವನಿಪಥದಲ್ಲಿ ನಟಿ ಕ್ಯಾರಿ-ಆನ್ ಮಾಸ್, ಸಂಕಲನಕಾರ ಜ್ಯಾಕ್ ಸ್ಟೇನ್‌ಬರ್ಗ್ ಮತ್ತು ಗೇಟ ಚಿತ್ರ ನೋಡುತ್ತಾ ಮಾತನಾಡುತ್ತಾರೆ.

ನಮ್ಮ ಕಸುಬಿನವನಾಗಿ ಒಂದು ಕಿವಿಮಾತು. ಚಿತ್ರ ತಯಾರಾದ ಕಥೆ ಹೇಳುವ ಇಂಥ ತುಣುಕುಗಳಲ್ಲಿ ಪ್ರಚಾರವೂ ಬೆರೆತಿರುತ್ತದೆ. ಎಲ್ಲರೂ ಎಲ್ಲರನ್ನೂ ಹೊಗಳುತ್ತಾರೆ! ಹೊಗಳಿಕೆ ಬಂದಾಗ ಚಹಾ ಕುಡಿಯಿರಿ, ಉಪಕರಣ ಕಂಡಾಗ ಕಣ್ಣರಳಿಸಿ ನೋಡಿ.

ಮೊದಲ ಸಲ ಮೊಲದ ಗೊಡವೆ ಬೇಡ, ಚಿತ್ರವನ್ನು ಚಿತ್ರವಾಗಿ ಸವಿಯಿರಿ. ಎರಡನೆಯ ಸಲ ಮೊಲ ಕಂಡ ಕೂಡಲೇ ಗುಂಡಿ ಒತ್ತದೆ, ‘ಇದನ್ನು ನಾನಾದರೆ ಹೇಗೆ ಚಿತ್ರೀಕರಿಸುತ್ತಿದ್ದೆ?’ ಎಂದು ಕಾಗದದ ಮೇಲೆ ಗೀಚಿ, ಆಮೇಲೆ ಒತ್ತಿ. ಡಿವಿಡಿ ಕೊಳ್ಳುವ ಮುನ್ನ ಮಾತ್ರ ಡಬ್ಬಿಯ ಬೆನ್ನು ಓದಿ. ಒಂದೇ ಚಿತ್ರದ ಹಲವು ಆವೃತ್ತಿಗಳು ಬರುತ್ತವೆ, ಎಲ್ಲದರಲ್ಲೂ ಈ ಹೆಚ್ಚುವರಿ ಭಾಗಗಳಿರುವುದಿಲ್ಲ.